ಹಗೇವು ಹಿರಿದು, ಕಣ ಕಿರಿದು

ಸಾಹಿತ್ಯದ ವಿದ್ಯಾರ್ಥಿಗೆ ಎಂಥ ಲ್ಯಾಪ್‌ಟಾಪ್‌ ಆದರೂ ಸಾಕು ಎಂಬ ಮಾತು ಅಂಗಡಿಯಲ್ಲೂ ಮನೆಯಲ್ಲೂ ಕಾಲೇಜಿನಲ್ಲೂ ಕೇಳಿಬರುತ್ತದೆ. ಚಲನಚಿತ್ರ ಸಂಕಲಿಸುವವರಿಗೆ, ಕಟ್ಟಡದ ನಕ್ಷೆ ಬಿಡಿಸುವವರಿಗೆ, ಪ್ರೋಗ್ರಾಂ ಬರೆಯುವವರಿಗೆ ಹೆಚ್ಚಿನ ಮೆಮೊರಿ ಬೇಕು; ಪಂಪನನ್ನೋ ಕುಮಾರವ್ಯಾಸನನ್ನೋ ಓದುವವರಿಗೆ ಅಕ್ಷರ ಮೂಡಿಸುವ ಯಂತ್ರವೊಂದಿದ್ದರೆ ಆಯಿತು ಎಂಬುದು ಈ ಮಾತಿನ ತಿರುಳು. ಕೇಳಲು ಇದು ನ್ಯಾಯವಾಗಿಯೇ ತೋರುತ್ತದೆ. ಆದರೆ ಕನ್ನಡದ ಪುಸ್ತಕಗಳು ಇಂದು ಕಂಪ್ಯೂಟರಿನೊಳಗೆ ಯಾವ ರೂಪದಲ್ಲಿವೆ ಎಂಬುದನ್ನು ಲೆಕ್ಕ ಹಾಕಿ ನೋಡಿದಾಗ ಈ ನಂಬಿಕೆ ತಲೆಕೆಳಗಾಗುತ್ತದೆ. ಇಂದಿನ ಸ್ಥಿತಿಯಲ್ಲಿ ಐಚ್ಛಿಕ ಕನ್ನಡದ ವಿದ್ಯಾರ್ಥಿಯು ಯಂತ್ರದಿಂದ ಹೆಚ್ಚು ಕೆಲಸ ಬೇಡುವವರ ಸಾಲಿನಲ್ಲಿಯೇ ನಿಲ್ಲಬೇಕಾಗುತ್ತದೆ. ಆ ವಿದ್ಯಾರ್ಥಿಯ ಕೈಗೆ ಸಿಗುವುದು ಮಾತ್ರ ಅತಿ ಚಿಕ್ಕ ಮೆಮೊರಿಯ ಯಂತ್ರ.

ಈ ಇಕ್ಕಟ್ಟು ಗಡಿಭಾಗದಲ್ಲಿ ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತದೆ. ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯಲ್ಲಿ, ಹೊಸೂರಿನಿಂದ ರಾಯಕೋಟೆಯ ಕಡೆಗೆ ಹೋಗುವ ದಾರಿಯಲ್ಲಿ ಸಾನಮಾವು ಇದೆ. ಕನ್ನಡ, ತೆಲುಗು, ತಮಿಳು ಮೂರೂ ಬೆರೆತ ಸೀಮೆ ಇದು. ಹೊಸೂರು, ತಳಿ, ಡೆಂಕಣಿಕೋಟೆಗಳ ಸುತ್ತಮುತ್ತ ಕನ್ನಡ ಮನೆಮಾತಾದ ಕುಟುಂಬಗಳು ತಲೆಮಾರುಗಳಿಂದ ನೆಲೆಸಿವೆ. ರಾಗಿ ತೆನೆ ಬಲಿಯುವ ಹೊತ್ತಿಗೆ ಬನ್ನೇರುಘಟ್ಟ, ಜವಳಗಿರಿಯ ಕಾಡುಗಳ ಕಡೆಯಿಂದ ಬರುವ ಆನೆಯ ಹಿಂಡುಗಳು ಸಾನಮಾವು ಕಾಯ್ದಿಟ್ಟ ಅರಣ್ಯದಲ್ಲಿ ಬೀಡುಬಿಡುತ್ತವೆ. ಆ ದಿನಗಳಲ್ಲಿ ಕತ್ತಲಾದ ಮೇಲೆ ಹೊರಗೆ ಓಡಾಡಬಾರದೆಂದು ಅರಣ್ಯ ಇಲಾಖೆಯವರು ಸುತ್ತಲ ಹಳ್ಳಿಗಳನ್ನು ಎಚ್ಚರಿಸುತ್ತಾರೆ. ಇಂಥ ಊರಿನಿಂದ ಬಸ್ಸು ಹಿಡಿದು ಕಾಲೇಜಿಗೆ ಬರುವ ವಿದ್ಯಾರ್ಥಿಗೆ, ಸಂಜೆ ವಿಭಾಗದ ಕೋಣೆಯಲ್ಲಿ ಕುಳಿತು ದೊಡ್ಡ ಕಂಪ್ಯೂಟರಿನಲ್ಲಿ ಕೆಲಸ ಮುಗಿಸಿಕೊಂಡು ಹೋಗು ಎಂದು ಹೇಳುವುದು ಸುಲಭ, ನಡೆಸುವುದು ಕಷ್ಟ. ಅವರಿಗೆ ಬೇಕಾದದ್ದು ಹೆಗಲಿಗೆ ಹಗುರವಾದ, ಕರೆಂಟು ಹೋದರೂ ಬ್ಯಾಟರಿಯಲ್ಲಿ ನಡೆಯುವ, ಮನೆಯಲ್ಲೇ ಕೆಲಸಕ್ಕೆ ಒದಗುವ ಚಿಕ್ಕ ಯಂತ್ರ. ಚಿಕ್ಕ ಲ್ಯಾಪ್‌ಟಾಪ್‌ ಇಲ್ಲಿ ಶೋಕಿಯ ಆಯ್ಕೆಯಲ್ಲ, ಅನಿವಾರ್ಯ.

ಈ ಸೀಮೆಯ ಅನೇಕ ಮನೆಗಳಿಗೆ ಮೊದಲ ಲ್ಯಾಪ್‌ಟಾಪ್‌ ಬಂದದ್ದು ಸರ್ಕಾರದ ಮೂಲಕ. ತಮಿಳುನಾಡು ಸರ್ಕಾರವು 2011ರಲ್ಲಿ ಸರ್ಕಾರಿ ಮತ್ತು ಅನುದಾನಿತ ಶಾಲಾ ಕಾಲೇಜುಗಳ ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್‌ ಕೊಡುವ ಯೋಜನೆಯನ್ನು ಆರಂಭಿಸಿ, ಮುಂದಿನ ವರ್ಷಗಳಲ್ಲಿ ಐವತ್ತು ಲಕ್ಷಕ್ಕೂ ಹೆಚ್ಚು ಯಂತ್ರಗಳನ್ನು ಹಂಚಿತು. ಆರಂಭದ ಯಂತ್ರಗಳಲ್ಲಿದ್ದ ಮೆಮೊರಿ 2 ಜಿಬಿ. ನಡುವೆ ನಿಂತಿದ್ದ ವಿತರಣೆ ಕಾಲೇಜು ವಿದ್ಯಾರ್ಥಿಗಳಿಗಾಗಿ ಹೊಸ ಹೆಸರಿನಲ್ಲಿ 2026ರ ಜನವರಿಯಲ್ಲಿ ಮತ್ತೆ ಆರಂಭವಾಯಿತು. ಈ ಸಲದ ಯಂತ್ರಗಳಲ್ಲಿ 8 ಜಿಬಿ ಮೆಮೊರಿ, 256 ಜಿಬಿ ಸಂಗ್ರಹ. ಹದಿನೈದು ವರ್ಷಗಳಲ್ಲಿ ಮೆಮೊರಿ ನಾಲ್ಕು ಪಟ್ಟಾಯಿತು ಎಂಬುದು ಸಂತೋಷದ ಸಂಗತಿಯೇ. ಬಡ ಮನೆಯ ಮಗುವಿನ ಕೈಗೆ ಯಂತ್ರವೊಂದು ತಲುಪಿತೆಂಬುದನ್ನು ಯಾರೂ ಕಡೆಗಣಿಸುವಂತಿಲ್ಲ. ಆದರೂ ಪ್ರಶ್ನೆ ಉಳಿಯುತ್ತದೆ: ಕನ್ನಡವನ್ನು ಆಳವಾಗಿ ಓದಬಯಸುವವರಿಗೆ ಇದು ಎಷ್ಟರ ಮಟ್ಟಿಗೆ ಸಾಕು?

ಉತ್ತರ ಹುಡುಕುವ ಮೊದಲು 256 ಮತ್ತು 8 ಎಂಬ ಎರಡು ಸಂಖ್ಯೆಗಳ ಭೇದವನ್ನು ತಿಳಿಯಬೇಕು. ಅಂಗಡಿಯ ಫಲಕದಲ್ಲಿ ಇವೆರಡೂ ಅಕ್ಕಪಕ್ಕ ನಿಂತಿರುತ್ತವೆ, ಎರಡರ ಮುಂದೆಯೂ ಜಿಬಿ ಎಂದೇ ಇರುತ್ತದೆ. ಕೊಳ್ಳುವವರ ಕಣ್ಣು ಸಹಜವಾಗಿ ದೊಡ್ಡ ಸಂಖ್ಯೆಯ ಮೇಲೆ ಬೀಳುತ್ತದೆ. ರಾಗಿ ಬೆಳೆಯುವ ಸೀಮೆಯವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಸಂಗ್ರಹವೆಂಬುದು ಹಗೇವು, ನೆಲದೊಳಗಿನ ಆ ಗುಂಡಿಯಲ್ಲಿ ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತದೆ. ರ‍್ಯಾಮ್‌ ಎಂದು ಕರೆಯುವ ಮೆಮೊರಿಯೆಂಬುದು ಕಣ. ಬಡಿಯುವುದು, ತೂರುವುದು, ರಾಶಿ ಮಾಡುವುದು ಎಲ್ಲವೂ ನಡೆಯುವುದು ಅಲ್ಲಿಯೇ. ಹಗೇವು ಎಷ್ಟೇ ಹಿರಿದಾಗಿರಲಿ, ಕಣ ಕಿರಿದಾದರೆ ಒಮ್ಮೆಗೆ ಹರಡಬಹುದಾದ ತೆನೆ ಸ್ವಲ್ಪವೇ. ಕಣದಲ್ಲಿ ಜಾಗವಿಲ್ಲದಾಗ ಯಂತ್ರವು ಅರ್ಧ ಕೆಲಸವನ್ನು ಗುಡಿಸಿ ಸಂಗ್ರಹಕ್ಕೆ ಹಾಕಿ, ಬೇಕಾದಾಗ ಮತ್ತೆ ತರುತ್ತದೆ. ಇಂದಿನ ಒಳ್ಳೆಯ ಎಸ್‌ಎಸ್‌ಡಿಯೂ ಮೆಮೊರಿಗಿಂತ ಸರಿಸುಮಾರು ಸಾವಿರ ಪಟ್ಟು ನಿಧಾನ. ಹಳೆಯ ತಿರುಗುವ ಡಿಸ್ಕು ಅದಕ್ಕಿಂತಲೂ ಬಹಳ ನಿಧಾನ. ಹೀಗಾಗಿ ಪುಟ ತಿರುಗಿಸಿದರೆ ಪರದೆ ಬೆಳ್ಳಗಾಗಿ ನಿಲ್ಲುತ್ತದೆ, ಟೈಪು ಮಾಡಿದ ಅಕ್ಷರ ತಡವಾಗಿ ಮೂಡುತ್ತದೆ, ಕೊನೆಗೆ ತಂತ್ರಾಂಶವೇ ಮುಚ್ಚಿಹೋಗುತ್ತದೆ. ವಿದ್ಯಾರ್ಥಿ ಯಂತ್ರ ಕೆಟ್ಟಿತೆಂದು ಭಾವಿಸುತ್ತಾರೆ. ಕೆಟ್ಟಿರುವುದು ಏನೂ ಇಲ್ಲ. ಕಣ ತುಂಬಿದೆ, ಅಷ್ಟೇ.

ಕಣವನ್ನು ತುಂಬುವುದು ಯಾವುದು? ಕನ್ನಡದ ಅಕ್ಷರವೇ ಭಾರ ಎಂಬ ಒಂದು ದೂರು ಇದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಅಕ್ಷರದ ಒಂದೊಂದು ಆಕಾರಕ್ಕೆ ಒಂದೊಂದು ಬೈಟು ಸಾಕಾಗುತ್ತಿತ್ತು. ಯೂನಿಕೋಡಿನ ಬಹುಬಳಕೆಯ ಯುಟಿಎಫ್‌-8 ರೂಪದಲ್ಲಿ ಕನ್ನಡದ ಪ್ರತಿ ಘಟಕಕ್ಕೂ ಮೂರು ಬೈಟು ಬೇಕು. ಸ್ತ್ರೀ ಎಂಬ ಒಂದು ಅಕ್ಷರವನ್ನು ಬಿಡಿಸಿದರೆ ಸಕಾರ, ವಿರಾಮ, ತಕಾರ, ವಿರಾಮ, ರೇಫ, ಈಕಾರ ಎಂದು ಆರು ಘಟಕಗಳಾಗುತ್ತವೆ. ಅಂದರೆ 18 ಬೈಟು. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದೇ ಬೈಟು ಸಾಕು. ಈ ಹೋಲಿಕೆ ಮೊದಲ ನೋಟಕ್ಕೆ ಹೆದರಿಸುತ್ತದೆ. ಆದರೆ ಲೆಕ್ಕವನ್ನು ಕೊನೆಯವರೆಗೆ ಮಾಡಬೇಕು. 1993ರಲ್ಲಿ ಹದಿನೈದು ಸಂಪುಟಗಳಾಗಿ ಬಂದ ಸಮಗ್ರ ವಚನ ಸಂಪುಟದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳಿವೆ. ಒಂದು ವಚನಕ್ಕೆ ಸರಾಸರಿ 500 ಘಟಕಗಳೆಂದು ಎಣಿಸಿದರೆ ಇಪ್ಪತ್ತು ಸಾವಿರ ವಚನಗಳಿಗೆ ಒಂದು ಕೋಟಿ ಘಟಕ, ಮೂರು ಕೋಟಿ ಬೈಟು. 8 ಜಿಬಿ ಎಂದರೆ ಸುಮಾರು 859 ಕೋಟಿ ಬೈಟು. ಬಸವಣ್ಣನವರಿಂದ ಹಿಡಿದು ಹೆಸರು ತಿಳಿಯದ ವಚನಕಾರರವರೆಗೆ ಎಲ್ಲರ ಮಾತನ್ನೂ ಒಟ್ಟಿಗೆ ಮೆಮೊರಿಯಲ್ಲಿಟ್ಟರೂ ಕಣದ ಒಂದು ಮೂಲೆ ಕೂಡ ತುಂಬುವುದಿಲ್ಲ. ಅಕ್ಷರ ಭಾರವಲ್ಲ.

ಭಾರವಾದದ್ದು ಚಿತ್ರ. ಎ4 ಅಳತೆಯ ಒಂದು ಹಾಳೆಯನ್ನು ಅಂಗುಲಕ್ಕೆ 300 ಚುಕ್ಕೆಯಂತೆ ಸ್ಕ್ಯಾನ್‌ ಮಾಡಿದರೆ ಅಗಲಕ್ಕೆ 2480, ಉದ್ದಕ್ಕೆ 3508 ಚುಕ್ಕೆಗಳು ಬರುತ್ತವೆ. ಒಟ್ಟು 87 ಲಕ್ಷ. ಬಣ್ಣದ ಚಿತ್ರದಲ್ಲಿ ಒಂದು ಚುಕ್ಕೆಗೆ ಮೂರು ಬೈಟು. ಆ ಒಂದು ಹಾಳೆ ಮೆಮೊರಿಯಲ್ಲಿ ಹಿಡಿಯುವ ಜಾಗ 2 ಕೋಟಿ 61 ಲಕ್ಷ ಬೈಟು. ವಚನ ವಾಙ್ಮಯವೆಲ್ಲ ಅಕ್ಷರರೂಪದಲ್ಲಿ ಹಿಡಿಯುವ ಜಾಗಕ್ಕೂ ಒಂದು ಹಾಳೆಯ ಚಿತ್ರ ಹಿಡಿಯುವ ಜಾಗಕ್ಕೂ ಹೆಚ್ಚಿನ ಅಂತರವಿಲ್ಲವೆಂಬುದು ಇದರಿಂದ ತಿಳಿಯುತ್ತದೆ. ಸಾಮಾನ್ಯ ಪುಸ್ತಕದ ಪುಟ ಎ4 ಹಾಳೆಯ ಅರ್ಧದಷ್ಟಿರುತ್ತದೆ. ಅದಕ್ಕೆ ಸುಮಾರು 1 ಕೋಟಿ 30 ಲಕ್ಷ ಬೈಟು. ಅದೇ ಪುಟದಲ್ಲಿರುವ ಬರಹ 1,500 ಘಟಕಗಳಷ್ಟಿದ್ದರೆ ಅಕ್ಷರರೂಪದಲ್ಲಿ ಅದಕ್ಕೆ ಬೇಕಾದದ್ದು 4,500 ಬೈಟು ಮಾತ್ರ. ಹೆಚ್ಚುಕಡಿಮೆ ಮೂರು ಸಾವಿರ ಪಟ್ಟಿನ ಅಂತರ. ಪಿಡಿಎಫ್‌ ಕಡತವು ಸಂಗ್ರಹದಲ್ಲಿ ಚಿಕ್ಕದಾಗಿ ಮಡಚಿಕೊಂಡಿರಬಹುದು. ಓದಲು ತೆರೆದ ಪುಟವನ್ನು ಮಾತ್ರ ಯಂತ್ರವು ಪೂರ್ತಿಯಾಗಿ ಬಿಚ್ಚಿ ಹರಡಲೇಬೇಕು.

ಇಲ್ಲಿಯೇ ಕನ್ನಡದ ನಿಜವಾದ ಕಷ್ಟವಿರುವುದು. ಇಂಗ್ಲಿಷ್‌ ಸಾಹಿತ್ಯದ ವಿದ್ಯಾರ್ಥಿಗೆ ಷೇಕ್ಸ್‌ಪಿಯರನೂ ಮಿಲ್ಟನ್ನನೂ ಡಿಕನ್ಸನೂ ಅಕ್ಷರರೂಪದಲ್ಲಿಯೇ ಸಿಗುತ್ತಾರೆ. ಗುಟೆನ್‌ಬರ್ಗ್‌ ಯೋಜನೆ ಈ ಕೆಲಸವನ್ನು 1971ರಿಂದ ಮಾಡುತ್ತ ಬಂದಿದೆ. ಅಂಥ ವಿದ್ಯಾರ್ಥಿ ಹತ್ತು ವರ್ಷ ಹಳೆಯ, 2 ಜಿಬಿಯ ಯಂತ್ರದಲ್ಲೂ ಒಂದು ಪದ ಎಲ್ಲೆಲ್ಲಿ ಬಂದಿದೆ ಎಂದು ಕ್ಷಣದಲ್ಲಿ ಹುಡುಕಬಹುದು. ಕನ್ನಡದಲ್ಲಿ ವಚನ ಸಂಚಯದಂಥ ಉತ್ತಮ ಪ್ರಯತ್ನಗಳು, ಕನ್ನಡ ವಿಕಿಸೋರ್ಸ್‌, ಭಾರತವಾಣಿಯ ನಿಘಂಟುಗಳು ಇವೆಯಾದರೂ, ಹಳೆಯ ಪುಸ್ತಕಗಳಲ್ಲಿ ಬಹುಪಾಲು ಚಿತ್ರವಾಗಿಯೇ ಉಳಿದಿವೆ. ಡಿಜಿಟಲ್‌ ಲೈಬ್ರರಿ ಆಫ್‌ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್‌ ಆದ ಸಾವಿರಾರು ಕನ್ನಡ ಪುಸ್ತಕಗಳು ಇಂದು ಇಂಟರ್ನೆಟ್‌ ಆರ್ಕೈವ್‌ನಲ್ಲಿ ಸಿಗುತ್ತವೆ. ಅವು ಪುಟಗಳ ಛಾಯಾಚಿತ್ರಗಳು. ಒಂದೇ ಬಗೆಯ ಕೆಲಸಕ್ಕೆ ಕನ್ನಡದ ವಿದ್ಯಾರ್ಥಿಗೆ ಇಂಗ್ಲಿಷಿನ ವಿದ್ಯಾರ್ಥಿಗಿಂತ ಬಹಳ ದೊಡ್ಡ ಕಣ ಬೇಕಾಗುತ್ತದೆ. ಭಾಷೆಯ ಬಡತನವನ್ನು ಯಂತ್ರದ ಸಿರಿತನದಿಂದ ತುಂಬಬೇಕಾದ ವಿಚಿತ್ರ ಸ್ಥಿತಿ ಇದು. ಆ ಸಿರಿತನವಿಲ್ಲದವರು ಎರಡೂ ಕಡೆಯಿಂದ ಸೋಲುತ್ತಾರೆ.

ಓದುವುದಷ್ಟೇ ಆಗಿದ್ದರೆ ತೊಂದರೆ ಅಷ್ಟಾಗಿ ತಟ್ಟುವುದಿಲ್ಲ. ಪಿಡಿಎಫ್‌ ಓದುವ ತಂತ್ರಾಂಶ ಒಮ್ಮೆಗೆ ಕೆಲವೇ ಪುಟಗಳನ್ನು ಬಿಚ್ಚಿಟ್ಟುಕೊಳ್ಳುತ್ತದೆ. ಐಚ್ಛಿಕದ ಓದು ಅಲ್ಲಿಗೆ ನಿಲ್ಲುವುದಿಲ್ಲವೆಂಬುದೇ ವಿಷಯ. ಗ್ರಂಥಸಂಪಾದನೆಯ ಪಾಠದಲ್ಲಿ ಒಂದು ಕಾವ್ಯದ ಎರಡು ಮೂರು ಆವೃತ್ತಿಗಳನ್ನು ಪಕ್ಕಪಕ್ಕದಲ್ಲಿ ತೆರೆದು ಪಾಠಾಂತರ ಗುರುತಿಸಬೇಕು. ಜೊತೆಗೆ ನಿಘಂಟು, ಟಿಪ್ಪಣಿ ಬರೆಯುವ ಕಡತ, ಬ್ರೌಸರಿನ ಹತ್ತಾರು ಟ್ಯಾಬುಗಳು. 8 ಜಿಬಿಯ ಯಂತ್ರದಲ್ಲಿ ವಿಂಡೋಸ್‌ 11 ಮತ್ತು ಅದರ ಹಿನ್ನೆಲೆಯ ಕೆಲಸಗಳೇ ಮೂರು ನಾಲ್ಕು ಜಿಬಿ ಹಿಡಿದುಕೊಳ್ಳುವುದು ಸಾಮಾನ್ಯ. ಪರದೆಯ ಚಿತ್ರ ಮೂಡಿಸುವ ಭಾಗಕ್ಕೂ ಅದೇ ಮೆಮೊರಿಯಿಂದ ಪಾಲು ಹೋಗುತ್ತದೆ. ವಿದ್ಯಾರ್ಥಿಗೆ ಉಳಿಯುವುದು ಅರ್ಧ ಕಣ.

ಶಾಸನದ ಅಧ್ಯಯನದಲ್ಲಿ ಈ ಕೊರತೆ ಇನ್ನೂ ಹೆಚ್ಚಾಗಿ ಕಾಣುತ್ತದೆ. ಕೃಷ್ಣಗಿರಿ ಜಿಲ್ಲೆ ವೀರಗಲ್ಲುಗಳ ನಾಡು. ಹದಿಮೂರನೆಯ ಶತಮಾನದಲ್ಲಿ ಹೊಯ್ಸಳ ರಾಮನಾಥನು ರಾಜಧಾನಿ ಮಾಡಿಕೊಂಡ ಕುಂದಾಣಿ ಈ ಸೀಮೆಯಲ್ಲಿಯೇ ಇದೆ. ಬಿ.ಎಲ್‌. ರೈಸ್‌ ಅವರ ಎಪಿಗ್ರಾಫಿಯಾ ಕರ್ನಾಟಿಕ ಮೈಸೂರು ಸಂಸ್ಥಾನದ ಜಿಲ್ಲೆಗಳನ್ನು ಅನುಸರಿಸಿ ಸಂಪುಟಗಳಾಯಿತು. 1905ರಲ್ಲಿ ಬೆಂಗಳೂರು, ಕೋಲಾರ ಜಿಲ್ಲೆಗಳ ಸಂಪುಟಗಳು ಬಂದವು. ಹೊಸೂರು ಆಗ ಮದರಾಸು ಪ್ರಾಂತದ ಸೇಲಂ ಜಿಲ್ಲೆಗೆ ಸೇರಿತ್ತು. ಗಡಿಯ ಈಚೆಗಿನ ಕಲ್ಲು ಸಂಪುಟದೊಳಗೆ ಬಂದಿತು, ಆಚೆಗಿನದು ಹೊರಗುಳಿಯಿತು. ಆ ಕೊರತೆಯನ್ನು ತುಂಬಬೇಕಾದವರು ಆ ನೆಲದಲ್ಲಿಯೇ ಹುಟ್ಟಿ ಕನ್ನಡ ಓದುತ್ತಿರುವ ವಿದ್ಯಾರ್ಥಿಗಳು. ಬೆಂಗಳೂರಿನ ಮಿಥಿಕ್‌ ಸೊಸೈಟಿ ತನ್ನ ನಗರದ ಸುತ್ತಲಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್‌ ಮಾಡಿ ತೋರಿಸಿರುವಂತೆ, ಸವೆದ ಕಲ್ಲಿನ ಮೇಲೆ ಬೆಳಕನ್ನು ಪರದೆಯಲ್ಲಿಯೇ ಓರೆಯಾಗಿ ಹಾಯಿಸಿದರೆ ಕಣ್ಣಿಗೆ ಕಾಣದ ಅಕ್ಷರಗಳೂ ಎದ್ದು ಬರುತ್ತವೆ. ಮೊಬೈಲಿನಲ್ಲಿ ತೆಗೆದ ಫೋಟೋಗಳನ್ನು ಜೋಡಿಸಿಯೂ ಇಂಥ ಮಾದರಿ ಕಟ್ಟಬಹುದು. ಆದರೆ 12 ಮೆಗಾಪಿಕ್ಸೆಲ್ಲಿನ ಒಂದು ಫೋಟೋ ಬಿಚ್ಚಿದಾಗ 3 ಕೋಟಿ 60 ಲಕ್ಷ ಬೈಟು. ಒಂದು ವೀರಗಲ್ಲಿಗೆ ನೂರು ಫೋಟೋ ಎಂದರೆ 360 ಕೋಟಿ. ಅವುಗಳಿಂದ ಮಾದರಿ ಕಟ್ಟುವ ಲೆಕ್ಕಾಚಾರಕ್ಕೆ ಇನ್ನೂ ಹೆಚ್ಚು ಜಾಗ ಬೇಕು. ಕಲ್ಲು ಊರಿನ ಹೊಲದಲ್ಲಿದೆ, ಓದುವ ಕಣ್ಣು ಊರಿನ ಮನೆಯಲ್ಲಿದೆ. ನಡುವೆ ಅಡ್ಡ ನಿಂತಿರುವುದು ಕೆಲವು ಜಿಬಿ ಮೆಮೊರಿ.

ಮೆಮೊರಿಯ ಮಿತಿ ಯಂತ್ರಗಳ ಇತಿಹಾಸದುದ್ದಕ್ಕೂ ಇದೆ. 32 ಬಿಟ್ಟಿನ ವಿಳಾಸ ಪದ್ಧತಿಯಲ್ಲಿ 429 ಕೋಟಿ ಬೈಟುಗಳಿಗಿಂತ, ಅಂದರೆ 4 ಜಿಬಿಗಿಂತ ಹೆಚ್ಚನ್ನು ನೇರವಾಗಿ ಎಣಿಸಲು ಬರುತ್ತಿರಲಿಲ್ಲ. ಅದು ಗಣಿತದ ಮಿತಿ. ಕೆಲವು ಮಿತಿಗಳು ಮಾರಾಟದ ಮಿತಿಗಳು: ಅಗ್ಗದ ಚಿಕ್ಕ ಯಂತ್ರಗಳಿಗೆಂದೇ ಬಂದ ವಿಂಡೋಸ್‌ 7 ಸ್ಟಾರ್ಟರ್‌, ಯಂತ್ರದಲ್ಲಿ ಎಷ್ಟೇ ಮೆಮೊರಿ ಇದ್ದರೂ 2 ಜಿಬಿಗಿಂತ ಹೆಚ್ಚು ಬಳಸುತ್ತಿರಲಿಲ್ಲ. ಇಂದಿನ ಚಿಕ್ಕ ಲ್ಯಾಪ್‌ಟಾಪ್‌ಗಳ ಮಿತಿಗೆ ಬಹುಮಟ್ಟಿಗೆ ಕಾರಣ ರೂಪ. ಯಂತ್ರ ತೆಳ್ಳಗಾಗಬೇಕು, ಬ್ಯಾಟರಿ ಹೆಚ್ಚು ಹೊತ್ತು ಬರಬೇಕು ಎಂದು ಮೆಮೊರಿಯ ಚಿಪ್ಪುಗಳನ್ನು ತಾಯಿಹಲಗೆಗೇ ಬೆಸುಗೆ ಹಾಕುತ್ತಾರೆ. 2011ರ ಹನ್ನೆರಡೂವರೆ ಅಂಗುಲದ ಥಿಂಕ್‌ಪ್ಯಾಡ್‌ ಎಕ್ಸ್‌220ರಲ್ಲಿ ಮೆಮೊರಿಗೆ ಎರಡು ಸ್ಲಾಟುಗಳಿದ್ದವು. ಕೆಲವೇ ವರ್ಷಗಳಲ್ಲಿ ಬಂದ ಎಕ್ಸ್‌240ರಲ್ಲಿ ಒಂದೇ ಉಳಿಯಿತು. ಅನಂತರದ ಅನೇಕ ತೆಳು ಯಂತ್ರಗಳಲ್ಲಿ ಒಂದೂ ಇಲ್ಲ. ಬೆಸುಗೆಯ ಯಂತ್ರವನ್ನು ಕೊಂಡ ದಿನ ಎಷ್ಟು ಮೆಮೊರಿ ಇತ್ತೋ ಕೊನೆಯ ದಿನವೂ ಅಷ್ಟೇ. ಮೊದಲ ವರ್ಷದ ಬಿ.ಎ. ತರಗತಿಯಲ್ಲಿ ಸಾಕೆನಿಸಿದ್ದು ಎಂ.ಎ. ಮುಗಿಯುವ ವೇಳೆಗೆ ಸಾಲದಾದರೆ, ಮೆಮೊರಿಯ ತುಂಡೊಂದನ್ನು ತಂದು ಸೇರಿಸುವ ದಾರಿ ಮುಚ್ಚಿರುತ್ತದೆ. ಇಡೀ ಯಂತ್ರವನ್ನೇ ಬದಲಿಸಬೇಕು. ಹಣವುಳ್ಳವರಿಗೆ ಇದು ಕಿರಿಕಿರಿ, ಹಣವಿಲ್ಲದವರಿಗೆ ಓದಿನ ಗೋಡೆ. 2025ರ ಕೊನೆಯ ತಿಂಗಳುಗಳಿಂದ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳಿಗಾಗಿ ಮೆಮೊರಿಯ ಬೇಡಿಕೆ ಏರಿ, ಬೆಲೆ ತೀವ್ರವಾಗಿ ಹೆಚ್ಚಿತು. ಮೈಕ್ರಾನ್‌ ಸಂಸ್ಥೆಯು ಸಾಮಾನ್ಯ ಗ್ರಾಹಕರಿಗೆ ಕ್ರೂಷಿಯಲ್‌ ಹೆಸರಿನಲ್ಲಿ ಮಾರುತ್ತಿದ್ದ ಮೆಮೊರಿಯ ವ್ಯಾಪಾರವನ್ನು ನಿಲ್ಲಿಸುವುದಾಗಿ ಆ ವರ್ಷದ ಡಿಸೆಂಬರಿನಲ್ಲಿ ಪ್ರಕಟಿಸಿತು. ಎಲ್ಲಿಯೋ ದೂರದಲ್ಲಿ ಓಡುವ ದೊಡ್ಡ ಯಂತ್ರಗಳ ಹಸಿವು ಹಳ್ಳಿಯ ವಿದ್ಯಾರ್ಥಿಯ ಪುಟ್ಟ ಯಂತ್ರದವರೆಗೆ ಬಂದು ಮುಟ್ಟಿದೆ.

ಈ ವಾದಕ್ಕೆ ಪ್ರತಿಯಾಗಿ ಬರುವ ಮಾತುಗಳನ್ನೂ ಕೇಳಬೇಕು. ಹಿಂದಿನ ವಿದ್ವಾಂಸರು ಯಾವ ಯಂತ್ರವಿಲ್ಲದೆ ಮಹಾಕಾರ್ಯಗಳನ್ನು ಮಾಡಿದರೆಂಬುದು ಅದರಲ್ಲಿ ಮೊದಲನೆಯದು. ಕಿಟ್ಟೆಲ್‌ ಅವರ ನಿಘಂಟು 1894ರಲ್ಲಿ ಪ್ರಕಟವಾದದ್ದು ಕೈಬರಹದ ಬಲದಿಂದ. ಆರ್‌. ನರಸಿಂಹಾಚಾರ್ಯರ ಕರ್ನಾಟಕ ಕವಿಚರಿತೆ ಸಿದ್ಧವಾದದ್ದೂ ಹಾಗೆಯೇ. ಇದು ನಿಜ, ತಲೆಬಾಗಿ ಒಪ್ಪಬೇಕಾದ ನಿಜ. ಆದರೆ ಅವರ ಮುಂದೆ ಪುಸ್ತಕಗಳೂ ಓಲೆಗರಿಗಳೂ ಇದ್ದವೆಂಬುದನ್ನು ಮರೆಯಬಾರದು. ಇನ್ನೊಂದು ಗಡಿಯಾದ ಕಾಸರಗೋಡು ಸೀಮೆಯ ಮಂಜೇಶ್ವರದಲ್ಲಿ ಕುಳಿತು ಗೋವಿಂದ ಪೈಗಳು ಸಂಶೋಧನೆ ನಡೆಸಿದರು. ಅವರ ಮನೆಯಲ್ಲಿ ಹಲವು ಭಾಷೆಗಳ ಪುಸ್ತಕ ಭಂಡಾರವೇ ಇತ್ತು. ಇಂದಿನ ಗಡಿನಾಡಿನ ವಿದ್ಯಾರ್ಥಿಗೆ ಅಂಥ ಭಂಡಾರವಿಲ್ಲ. ಚಿಕ್ಕ ಲ್ಯಾಪ್‌ಟಾಪೇ ಅವರ ಮೇಜು, ಕಪಾಟು, ಗ್ರಂಥಾಲಯ. ಅದರ ಮೆಮೊರಿಯನ್ನು ಕುಗ್ಗಿಸಿದರೆ ಮೇಜಿನ ಮೇಲೆ ಒಮ್ಮೆಗೆ ಒಂದೇ ಪುಸ್ತಕ ತೆರೆಯಬಹುದೆಂದು ಕಟ್ಟಳೆ ವಿಧಿಸಿದಂತೆ. ತುಲನೆಯಿಲ್ಲದೆ ಸಂಶೋಧನೆಯಿಲ್ಲ, ಎರಡು ಪುಸ್ತಕ ತೆರೆಯಲಾಗದ ಮೇಜಿನ ಮೇಲೆ ತುಲನೆ ನಡೆಯದು.

ಎರಡನೆಯ ಮಾತು, ಎಲ್ಲವೂ ಈಗ ಜಾಲದ ಮೇಲೆಯೇ ನಡೆಯುವುದರಿಂದ ಸ್ವಂತ ಯಂತ್ರದ ಮೆಮೊರಿ ಮುಖ್ಯವಲ್ಲ ಎಂಬುದು. ಸ್ಕ್ಯಾನ್‌ ಮಾಡಿದ ಪುಟವನ್ನು ದೂರದ ಯಂತ್ರಕ್ಕೆ ಕಳಿಸಿ ಅಕ್ಷರವಾಗಿ ಪಡೆಯಬಹುದು ಎಂಬುದು ಸರಿಯೇ. ಆದರೆ ಜಾಲಕ್ಕೆ ಬಾಗಿಲಾದ ಬ್ರೌಸರೇ ಇಂದು ಮೆಮೊರಿಯ ದೊಡ್ಡ ಬಕಾಸುರ. ನೂರಾರು ಪುಟಗಳನ್ನು ಕಳಿಸಲು ತಡೆಯಿಲ್ಲದ ಸಂಪರ್ಕ ಬೇಕು, ಅದಕ್ಕೆ ಹಣ ಬೇಕು. ಇನ್ನೊಬ್ಬರ ಕಣದಲ್ಲಿ ಒಕ್ಕಣೆ ಮಾಡಬಹುದು. ಕಣದ ಒಡೆಯನು ಬೇಡವೆಂದ ದಿನ ತೆನೆ ಹೊಲದಲ್ಲೇ ಉಳಿಯುತ್ತದೆ.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದು ಕೊಳ್ಳುವವರಿಗೆ ಮತ್ತು ಕೊಡುವವರಿಗೆ ಸಂಬಂಧಿಸಿದ್ದು. ಲ್ಯಾಪ್‌ಟಾಪ್‌ ಕೊಳ್ಳುವಾಗ ಬಣ್ಣ, ತೂಕ, ಪ್ರೊಸೆಸರಿನ ಹೆಸರು ಇವೆಲ್ಲಕ್ಕಿಂತ ಮುಂಚೆ ಎರಡು ಪ್ರಶ್ನೆ ಕೇಳಬೇಕು: ಮೆಮೊರಿ ಎಷ್ಟಿದೆ? ಮುಂದೆ ಹೆಚ್ಚಿಸಬಹುದೇ? 16 ಜಿಬಿ ಕೊಳ್ಳಲಾಗದಿದ್ದರೆ 8 ಜಿಬಿ ಸಾಕು, ಆದರೆ ಒಂದು ಸ್ಲಾಟು ಖಾಲಿಯಿರುವ ಯಂತ್ರವೇ ಬೇಕು. ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಕಡೆ ಸಿಗುವ ಬಳಸಿದ ಯಂತ್ರಗಳಲ್ಲಿ ಎರಡು ಸ್ಲಾಟಿನ ಹಳೆಯ ಮಾದರಿಯೊಂದು, ಹೊಳೆಯುವ ಹೊಸ ತೆಳು ಯಂತ್ರಕ್ಕಿಂತ ಕನ್ನಡದ ಕೆಲಸಕ್ಕೆ ಹೆಚ್ಚು ಒದಗಬಲ್ಲದು. ಸರ್ಕಾರಗಳೂ ಕಾಲೇಜುಗಳೂ ಟೆಂಡರಿನ ಷರತ್ತು ಬರೆಯುವಾಗ ಗಣಕ ವಿಜ್ಞಾನದವರ ಅಭಿಪ್ರಾಯ ಕೇಳುವಂತೆಯೇ ಭಾಷಾ ವಿಭಾಗಗಳ ಅಭಿಪ್ರಾಯವನ್ನೂ ಕೇಳಬೇಕು. ಯಾರೂ ಕೇಳದಿದ್ದರೆ ವಿಭಾಗಗಳೇ ಬರೆದು ತಿಳಿಸಬೇಕು. ತಮ್ಮ ವಿದ್ಯಾರ್ಥಿಗಳಿಗೆ ಎಷ್ಟು ಮೆಮೊರಿ ಬೇಕೆಂಬುದನ್ನು ಲೆಕ್ಕದ ಸಮೇತ ಹೇಳುವ ಕನ್ನಡ ವಿಭಾಗವನ್ನು ಯಾವ ಸಮಿತಿಯೂ ಹಗುರವಾಗಿ ಕಾಣಲಾರದು.

ಎರಡನೆಯದು ಇರುವ ಯಂತ್ರವನ್ನು ಅರಿತು ಬಳಸುವ ಶಿಸ್ತು. ಬಣ್ಣದ ಸ್ಕ್ಯಾನನ್ನು ಬೂದುಬಣ್ಣಕ್ಕೆ ತಿರುಗಿಸಿದರೆ ಮೆಮೊರಿ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಶುದ್ಧ ಕಪ್ಪು ಬಿಳುಪಿಗೆ ತಿರುಗಿಸಿದರೆ ಇಪ್ಪತ್ತನಾಲ್ಕರಲ್ಲಿ ಒಂದು ಪಾಲಿಗೆ. ಮಾಸಿದ ಪುಟದಲ್ಲಿ ಕಪ್ಪು ಬಿಳುಪು ಒತ್ತಕ್ಷರವನ್ನೂ ದೀರ್ಘದ ಕೊಂಬನ್ನೂ ನುಂಗಬಹುದಾದ್ದರಿಂದ ಅಲ್ಲಿ ಬೂದುಬಣ್ಣವೇ ಲೇಸು. ದೊಡ್ಡ ಪುಸ್ತಕವನ್ನು ಅಧ್ಯಾಯಗಳಾಗಿ ಒಡೆದಿಟ್ಟುಕೊಳ್ಳುವುದು, ಟಿಪ್ಪಣಿಗಳನ್ನು ಸರಳ ಪಠ್ಯದ ಕಡತದಲ್ಲಿ ಬರೆಯುವುದು, ಓದುವಾಗ ಬ್ರೌಸರನ್ನು ಮುಚ್ಚುವುದು ಇವೆಲ್ಲ ಕಣ ಗುಡಿಸುವ ಕೆಲಸಗಳು. 2025ರ ಅಕ್ಟೋಬರ್‌ 14ಕ್ಕೆ ವಿಂಡೋಸ್‌ 10ರ ಬೆಂಬಲ ನಿಂತಿದೆ. ಅದರ ಮುಂದಿನ ಆವೃತ್ತಿಯನ್ನು ತಾಳಲಾರದ ಹಳೆಯ ಸರ್ಕಾರಿ ಲ್ಯಾಪ್‌ಟಾಪ್‌ಗಳನ್ನು ಮೂಲೆಗೆ ಎಸೆಯಬೇಕಿಲ್ಲ; ಹಗುರವಾದ ಲಿನಕ್ಸ್‌ ವ್ಯವಸ್ಥೆಯೊಂದನ್ನು ಹಾಕಿಕೊಂಡರೆ ಅಕ್ಷರದ ಕೆಲಸಕ್ಕೆ ಅವು ಇನ್ನೂ ಕೆಲವು ವರ್ಷ ಬಾಳುತ್ತವೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು: ಚಿತ್ರವನ್ನು ಅಕ್ಷರವಾಗಿಸುವುದು. ಪುಟದ ಭಾರ ಮೂರು ಸಾವಿರದಲ್ಲಿ ಒಂದು ಪಾಲಿಗೆ ಇಳಿಯುವುದು ಇದರಿಂದ ಮಾತ್ರ. ಟೆಸೆರಾಕ್ಟ್‌ ಎಂಬ ಉಚಿತ ತಂತ್ರಾಂಶವು ಸ್ಕ್ಯಾನ್‌ ಪುಟದ ಕನ್ನಡವನ್ನು ಗುರುತಿಸಿ ಪಠ್ಯವಾಗಿ ಕೊಡುತ್ತದೆ. ಅದು ಒಂದೊಂದೇ ಪುಟವನ್ನು ತೆಗೆದುಕೊಂಡು ಕೆಲಸ ಮಾಡಬಲ್ಲದಾದ್ದರಿಂದ ಚಿಕ್ಕ ಯಂತ್ರದಲ್ಲಿಯೂ ನಡೆಯುತ್ತದೆ. ನಿಧಾನವಾಗಿ, ರಾತ್ರಿಯೆಲ್ಲ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಮುಗಿಯುತ್ತದೆ. ತಪ್ಪುಗಳಿರುತ್ತವೆ. ಱಕಾರ, ೞಕಾರಗಳನ್ನು ಯಂತ್ರ ಬೇರೇನೋ ಎಂದು ಓದುವುದುಂಟು, ಒತ್ತಕ್ಷರಗಳಲ್ಲಿ ಎಡವುವುದುಂಟು. ಹಳಗನ್ನಡ ಬಲ್ಲ ಕಣ್ಣು ಮಾತ್ರ ಅದನ್ನು ತಿದ್ದಬಲ್ಲದು. ಅಂಥ ಕಣ್ಣು ಇರುವುದು ಐಚ್ಛಿಕ ಕನ್ನಡದ ತರಗತಿಯಲ್ಲಿ. 300 ಪುಟದ ಪುಸ್ತಕವನ್ನು ಮೂವತ್ತು ವಿದ್ಯಾರ್ಥಿಗಳು ಹಂಚಿಕೊಂಡರೆ ತಲೆಗೆ ಹತ್ತು ಪುಟ. ಒಂದು ಸೆಮಿಸ್ಟರಿನಲ್ಲಿ ಒಂದು ತರಗತಿ ಒಂದು ಪುಸ್ತಕವನ್ನು ಚಿತ್ರದ ಸೆರೆಯಿಂದ ಬಿಡಿಸಬಲ್ಲದು.

ಕಾನೂನಿನ ಅಡ್ಡಿಯೂ ಎಲ್ಲ ಪುಸ್ತಕಗಳಿಗಿಲ್ಲ. ಭಾರತದಲ್ಲಿ ಲೇಖಕರ ಜೀವಿತಕಾಲದಲ್ಲಿ ಪ್ರಕಟವಾದ ಕೃತಿಗಳ ಹಕ್ಕುಸ್ವಾಮ್ಯ ಅವರು ತೀರಿದ ವರ್ಷದ ನಂತರ ಅರವತ್ತು ವರ್ಷಗಳಿಗೆ ಮುಗಿಯುತ್ತದೆ. ಮುದ್ದಣ, ಪಂಜೆ ಮಂಗೇಶರಾಯರು, ಬಿ.ಎಂ. ಶ್ರೀಕಂಠಯ್ಯನವರು ಬದುಕಿದ್ದಾಗ ಪ್ರಕಟಿಸಿದ ಬರಹಗಳು ಎಂದೋ ಮುಕ್ತವಾಗಿವೆ. ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ಅವರ ಕಾಲದಲ್ಲಿ ಅಚ್ಚಾದ ಕೃತಿಗಳು 2024ರಿಂದ ಮುಕ್ತ. ಒಂದು ಗಡಿನಾಡಿನ ವಿದ್ವಾಂಸರ ಬರಹವನ್ನು ಇನ್ನೊಂದು ಗಡಿನಾಡಿನ ವಿದ್ಯಾರ್ಥಿಗಳು ಅಕ್ಷರವಾಗಿಸಿ ಕನ್ನಡ ವಿಕಿಸೋರ್ಸ್‌ನಲ್ಲಿ ಇಡುವುದಕ್ಕೆ ಈಗ ಯಾರ ಅನುಮತಿಯೂ ಬೇಕಿಲ್ಲ. ಇಂಥ ಕೆಲಸಕ್ಕೆ ಆಂತರಿಕ ಮೌಲ್ಯಮಾಪನದಲ್ಲಿ ಅಂಕ ಕೊಡುವುದು ಅದೇ ಹಳೆಯ ವಿಷಯದ ಮೇಲೆ ಮತ್ತೊಂದು ಪ್ರಬಂಧ ಬರೆಸುವುದಕ್ಕಿಂತ ಲೇಸು. ವಿದ್ಯಾರ್ಥಿಗೆ ಪಾಠನಿರ್ಣಯದ ಅಭ್ಯಾಸವಾಗುತ್ತದೆ. ಕನ್ನಡಕ್ಕೆ ಒಂದು ಪುಸ್ತಕ ದಕ್ಕುತ್ತದೆ.

ದೊಡ್ಡ ಮೆಮೊರಿಯನ್ನು ಕೇಳುವುದು ಮತ್ತು ಪುಸ್ತಕಗಳನ್ನು ಅಕ್ಷರವಾಗಿಸುವುದು ಒಂದಕ್ಕೊಂದು ಬದಲಿಯಲ್ಲ. ಇಂದು ಓದುತ್ತಿರುವವರಿಗೆ ದೊಡ್ಡ ಕಣ ಇಂದೇ ಬೇಕು. ಪುಸ್ತಕಗಳೆಲ್ಲ ಅಕ್ಷರವಾಗುವವರೆಗೆ ಅವರು ಕಾಯುವಂತಿಲ್ಲ. ವೀರಗಲ್ಲಿನ ಮಾದರಿ ಎಂದೆಂದಿಗೂ ಚಿತ್ರವೇ ಆಗಿರುವುದರಿಂದ ಆ ಬೇಡಿಕೆ ಮುಂದೆಯೂ ಇರುತ್ತದೆ. ಆದರೆ ಯಂತ್ರದ ಮೆಮೊರಿ ಎಷ್ಟು ಹೆಚ್ಚಿದರೂ ಅದು ಕೊಂಡವರದು ಮಾತ್ರ, ಐದಾರು ವರ್ಷಗಳಲ್ಲಿ ಹಳತಾಗುವಂಥದು. ಅಕ್ಷರವಾದ ಪುಸ್ತಕ ಎಲ್ಲರದು. ಅದು 2 ಜಿಬಿಯ ಹಳೆಯ ಯಂತ್ರದಲ್ಲೂ ತೆರೆಯುತ್ತದೆ, ಅಗ್ಗದ ಮೊಬೈಲಿನಲ್ಲೂ ತೆರೆಯುತ್ತದೆ, ಸಾನಮಾವಿನಲ್ಲೂ ತೆರೆಯುತ್ತದೆ. ಈ ಎರಡನೆಯ ಕೆಲಸಕ್ಕೆ ಯಾವ ಟೆಂಡರೂ ಬೇಡ. ಬೇಕಾದುದು ಮೂವತ್ತು ಜನ, ತಲೆಗೆ ಹತ್ತು ಪುಟ, ಮತ್ತು ಹಳಗನ್ನಡವನ್ನು ಶ್ರದ್ಧೆಯಿಂದ ಕಲಿಸುವ ಒಬ್ಬ ಅಧ್ಯಾಪಕರು. ಅಷ್ಟು ಜನ ಕನ್ನಡದ ಯಾವ ಐಚ್ಛಿಕ ತರಗತಿಯಲ್ಲಿ ಸೇರಿದರೂ ಮುಂದಿನ ಸೆಮಿಸ್ಟರಿನಲ್ಲಿಯೇ ಕೆಲಸ ಆರಂಭವಾಗಬಹುದು.